ತೀರ್ಪಿನ ಜೊತೆ ಕನ್ನಡದಲ್ಲಿ ಒಂದು ಪುಟ ಕೊಡಿ: ಹೈಕೋರ್ಟಿಗೊಂದು ಬಹಿರಂಗ ಪತ್ರ

ಕರ್ನಾಟಕ ಹೈಕೋರ್ಟಿನ ಮಾನ್ಯ ಮುಖ್ಯ ನ್ಯಾಯಮೂರ್ತಿಗಳಿಗೆ ಮತ್ತು ಎಲ್ಲ ನ್ಯಾಯಮೂರ್ತಿಗಳಿಗೆ,

ನಮಸ್ಕಾರಗಳು.

ನೇರವಾಗಿ ವಿಷಯಕ್ಕೆ ಬರುತ್ತೇನೆ. ನಿಮ್ಮ ಪೀಠಗಳಿಂದ ಹೊರಬರುವ ತೀರ್ಪುಗಳಲ್ಲಿ ಬಹಳಷ್ಟು ಎರಡು ಕಡೆಯವರ ವ್ಯಾಜ್ಯ ಮುಗಿಸಿ ಅಲ್ಲಿಗೇ ನಿಲ್ಲುತ್ತವೆ. ಕೆಲವು ಹಾಗೆ ನಿಲ್ಲುವುದಿಲ್ಲ. ಅವು ಬೀದರ್‌ನಿಂದ ಚಾಮರಾಜನಗರದ ತನಕ ಪ್ರತಿ ಸಿವಿಲ್ ಕೋರ್ಟು, ಪ್ರತಿ ಮ್ಯಾಜಿಸ್ಟ್ರೇಟ್ ಕೋರ್ಟು, ಪ್ರತಿ ಪೊಲೀಸ್ ಠಾಣೆ, ಪ್ರತಿ ತಹಶೀಲ್ದಾರ್ ಕಚೇರಿ ಪಾಲಿಸಬೇಕಾದ ಕಾನೂನಾಗುತ್ತವೆ. ನನ್ನ ಕೋರಿಕೆ ಒಂದೇ. ಅಂಥ ತೀರ್ಪು ಬಂದಾಗ ಅದರ ಜೊತೆಯಲ್ಲೇ ಕನ್ನಡದಲ್ಲಿ ಒಂದು ಪುಟದ ಸಾರಾಂಶ ಪ್ರಕಟಿಸಿ. ಮುಂದೆ ಆ ತೀರ್ಪಿಗೆ ತಡೆ ಬಂದರೆ, ಅದು ರದ್ದಾದರೆ, ಅದೇ ಪುಟದ ಮೇಲೆ ಅದನ್ನೂ ಬರೆಯಿರಿ.

ನಾನು ವಕೀಲನಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿಯ ಜೊತೆ ಪ್ಯಾರಾ ಲೀಗಲ್ ವಾಲಂಟಿಯರ್ ಆಗಿ ಕೆಲಸ ಮಾಡುತ್ತೇನೆ. ನಮ್ಮಲ್ಲಿಗೆ ಬರುವವರು ಕೇಳುವುದು ದೊಡ್ಡ ಸಿದ್ಧಾಂತಗಳನ್ನಲ್ಲ. ಅಪ್ಪನ ಆಸ್ತಿಯಲ್ಲಿ ನನಗೆ ಪಾಲಿದೆಯಾ, ಮಗನ ಮೇಲಿನ ಎಫ್‌ಐಆರ್ ತೆಗೆಸೋಕೆ ಆಗುತ್ತಾ, ಗಂಡ ಸರ್ಕಾರಿ ನೌಕರಿಯಲ್ಲಿದ್ದಾಗಲೇ ತೀರಿಕೊಂಡರು, ಮಗಳಿಗೆ ಮದುವೆ ಆಗಿದೆ, ಅವಳಿಗೆ ಕೆಲಸ ಸಿಗುತ್ತಾ. ಇವುಗಳಲ್ಲಿ ಒಂದಕ್ಕೂ ಬರೀ ಕಾಯ್ದೆ ಪುಸ್ತಕ ತೆಗೆದು ಉತ್ತರ ಹೇಳೋಕೆ ಆಗಲ್ಲ. ಕಾಯ್ದೆಯಲ್ಲಿ ಇರೋದು ಒಂದು ಸಾಲು. ಆ ಸಾಲಿಗೆ ಇವತ್ತು ಏನು ಅರ್ಥ ಅನ್ನೋದು ಇರೋದು ನಿಮ್ಮ ತೀರ್ಪುಗಳಲ್ಲಿ, ಸುಪ್ರೀಂ ಕೋರ್ಟಿನ ತೀರ್ಪುಗಳಲ್ಲಿ. ಅವು ಜನರ ಕೈಗೆ ಸಿಗೋದು ಪತ್ರಿಕೆಯ ತಲೆಬರಹವಾಗಿ, ಇಲ್ಲವೇ ವಾಟ್ಸಾಪ್‌ನಲ್ಲಿ ಬಂದ ನಾಲ್ಕು ಸಾಲಾಗಿ.

ಈ ಪತ್ರ ಓದುವ ಸಾಮಾನ್ಯರಿಗಾಗಿ ಒಂದು ಮಾತು ಹೇಳಿಬಿಡುತ್ತೇನೆ, ನಿಮಗೆ ಗೊತ್ತಿರುವುದೇ. ಸುಪ್ರೀಂ ಕೋರ್ಟ್ ಹೇಳಿದ ಕಾನೂನು ದೇಶದ ಎಲ್ಲ ಕೋರ್ಟುಗಳಿಗೂ ಅನ್ವಯ ಅಂತ ಸಂವಿಧಾನದ 141ನೇ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಹೈಕೋರ್ಟಿನ ಬಗ್ಗೆ ಅಷ್ಟು ನೇರವಾದ ವಿಧಿ ಇಲ್ಲ. ಆದರೆ 227ನೇ ವಿಧಿ ರಾಜ್ಯದ ಎಲ್ಲ ಕೋರ್ಟು, ನ್ಯಾಯಮಂಡಳಿಗಳ ಮೇಲ್ವಿಚಾರಣೆಯನ್ನು ಹೈಕೋರ್ಟಿಗೆ ಕೊಟ್ಟಿದೆ. ಮೇಲ್ವಿಚಾರಣೆ ನಡೆಸುವ ಕೋರ್ಟು ಕಾನೂನು ಹೀಗಿದೆ ಅಂದಮೇಲೆ, ಅದರ ಕೆಳಗಿರುವ ಅಧಿಕಾರಿಗಳು, ನ್ಯಾಯಮಂಡಳಿಗಳು ಅದನ್ನು ಬಿಟ್ಟು ನಡೆಯುವಂತಿಲ್ಲ ಅಂತ 1962ರಲ್ಲೇ ಸುಪ್ರೀಂ ಕೋರ್ಟ್ ತೀರ್ಮಾನಿಸಿದೆ. ಹೈಕೋರ್ಟಿನ ಒಳಗೂ ಒಂದು ಕ್ರಮ ಇದೆ. ಒಬ್ಬರೇ ನ್ಯಾಯಮೂರ್ತಿಗಳ ಪೀಠಕ್ಕಿಂತ ಇಬ್ಬರ ವಿಭಾಗೀಯ ಪೀಠದ ಮಾತು ಹೆಚ್ಚು, ಅದಕ್ಕಿಂತ ಪೂರ್ಣ ಪೀಠದ್ದು ಹೆಚ್ಚು. ಬೇರೆ ರಾಜ್ಯದ ಹೈಕೋರ್ಟಿನ ತೀರ್ಪನ್ನು ನಮ್ಮ ಕೋರ್ಟುಗಳು ಗೌರವದಿಂದ ನೋಡುತ್ತವೆ, ಒಪ್ಪಲೇಬೇಕು ಅಂತಿಲ್ಲ. ಇಷ್ಟು ತಿಳಿದರೆ ಉಳಿದದ್ದು ಅರ್ಥವಾಗುತ್ತದೆ.

ಹೆಣ್ಣುಮಕ್ಕಳ ಪಾಲಿನ ವಿಷಯವನ್ನೇ ತೆಗೆದುಕೊಳ್ಳಿ. ನಮ್ಮ ಬಳಿ ಅತಿ ಜಾಸ್ತಿ ಬರುವ ಪ್ರಶ್ನೆ ಇದು. ಕರ್ನಾಟಕ ಇದರಲ್ಲಿ ದೇಶಕ್ಕಿಂತ ಮುಂದಿತ್ತು. 1994ರ ಜುಲೈ 30ರಿಂದಲೇ ಇಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ರಾಜ್ಯದ ತಿದ್ದುಪಡಿ ಜಾರಿಗೆ ಬಂತು, ಒಟ್ಟು ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಹಕ್ಕು ಬಂತು. ಆದರೆ ಅದಕ್ಕೂ ಮೊದಲೇ ಮದುವೆಯಾದ ಹೆಣ್ಣುಮಕ್ಕಳನ್ನು ಅದು ಹೊರಗಿಟ್ಟಿತ್ತು. ಆಮೇಲೆ 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಬಂತು, ಮದುವೆಯ ಷರತ್ತು ಹೋಯಿತು. ಅಲ್ಲಿಗೆ ಮುಗಿಯಿತು ಅಂದುಕೊಂಡರೆ, ಮುಗಿಯಲಿಲ್ಲ. ತಂದೆ 2005ಕ್ಕೂ ಮೊದಲೇ ತೀರಿಕೊಂಡಿದ್ದರೆ? ಕಾಯ್ದೆಯ ಸಾಲುಗಳಲ್ಲಿ ಇದಕ್ಕೆ ನೇರ ಉತ್ತರ ಇರಲಿಲ್ಲ.

ಉತ್ತರ ಕೊಡಬೇಕಾಗಿ ಬಂದದ್ದು ಕೋರ್ಟುಗಳು. ಬೆಳಗಾವಿಯಲ್ಲಿ 1992ರಲ್ಲಿ ಹೂಡಿದ್ದ ಒಂದು ಪಾಲಿನ ದಾವೆ ನಿಮ್ಮ ಮುಂದೆ ಬಂದಾಗ, ಕೇಸು ಇನ್ನೂ ಬಾಕಿ ಇರುವುದರಿಂದ ಹೊಸ ತಿದ್ದುಪಡಿಯ ಲಾಭ ಮಗಳಿಗೆ ಸಿಗಬೇಕು ಅಂತ ಈ ಹೈಕೋರ್ಟ್ ಹೇಳಿತು. ಅದೇ ಕೇಸಿನಲ್ಲಿ 2015ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. 2005ರ ಸೆಪ್ಟೆಂಬರ್ 9ರಂದು ತಂದೆಯೂ ಬದುಕಿರಬೇಕು, ಮಗಳೂ ಬದುಕಿರಬೇಕು ಅಂತ ತೀರ್ಪು ಕೊಟ್ಟಿತು. ಮತ್ತೆ 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2015ರ ನಿಲುವನ್ನು ತೆಗೆದುಹಾಕಿತು. ಮಗಳ ಹಕ್ಕು ಅವಳ ಹುಟ್ಟಿನಿಂದ ಬರೋದು, ತಂದೆ ಯಾವಾಗ ತೀರಿಕೊಂಡರು ಅನ್ನೋದು ಮುಖ್ಯವಲ್ಲ ಅಂತು. 2004ರ ಡಿಸೆಂಬರ್ 20ಕ್ಕೂ ಮೊದಲೇ ಸರಿಯಾಗಿ ಆಗಿಹೋದ ವಿಭಾಗ, ಕ್ರಯಗಳನ್ನು ಮಾತ್ರ ಮುಟ್ಟುವ ಹಾಗಿಲ್ಲ. ಬಾಯಿಮಾತಿನಲ್ಲಿ ಪಾಲು ಆಗಿತ್ತು ಅನ್ನೋ ವಾದವನ್ನೂ ಸಾಮಾನ್ಯವಾಗಿ ಒಪ್ಪುವಂತಿಲ್ಲ.

ಈ ಐದು ವರ್ಷಗಳಲ್ಲಿ ಏನಾಯಿತು ಅಂತ ಯೋಚಿಸಿ. 2015ರಿಂದ 2020ರ ನಡುವೆ ಅಪ್ಪ ಮೊದಲೇ ತೀರಿಕೊಂಡಿದ್ದ ಎಷ್ಟೋ ಹೆಣ್ಣುಮಕ್ಕಳಿಗೆ ನಿಮಗೆ ಸಮಪಾಲಿಲ್ಲ ಅಂತ ಊರಿನ ಹಿರಿಯರೂ ಹೇಳಿದರು, ವಕೀಲರೂ ಹೇಳಿದರು. ಅವತ್ತಿನ ಮಟ್ಟಿಗೆ ಅದು ಸರಿಯಾದ ಮಾತೇ. ತೊಂದರೆ ಇರೋದು ಆಮೇಲೆ. 2020ರ ನಂತರವೂ ಊರುಗಳಲ್ಲಿ ಅದೇ ಹಳೇ ಮಾತು ನಡೆಯುತ್ತಿದೆ. ಅಪ್ಪ 2005ಕ್ಕೆ ಮುಂಚೆ ಹೋದರು, ನಿನಗೇನೂ ಬರಲ್ಲ, ಸುಮ್ನೆ ಸಹಿ ಹಾಕು ಅಂತ ಅಣ್ಣ ತಮ್ಮಂದಿರು ಹಕ್ಕು ಬಿಡುಗಡೆ ಪತ್ರ ಮುಂದಿಡುತ್ತಾರೆ. ಅವರೆಲ್ಲ ಮೋಸ ಮಾಡುವವರು ಅಂತ ನಾನು ಹೇಳಲ್ಲ. ಎಷ್ಟೋ ಜನ ನಿಜವಾಗಿಯೂ ಕಾನೂನು ಹಾಗೇ ಇದೆ ಅಂತ ನಂಬಿದ್ದಾರೆ. ಬದಲಾದದ್ದನ್ನು ಅವರಿಗೆ ಅರ್ಥವಾಗುವ ಮಾತಿನಲ್ಲಿ ಯಾರೂ ಹೇಳಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯ ಗೋಡೆಯ ಮೇಲೆ ಮುದ್ರಾಂಕ ಶುಲ್ಕದ ಪಟ್ಟಿ ಇರುತ್ತದೆ, ಇದು ಇರೋದಿಲ್ಲ. ಒಮ್ಮೆ ಸಹಿ ಬಿದ್ದು ನೋಂದಣಿ ಆದಮೇಲೆ ಅದನ್ನು ಬಿಡಿಸಿಕೊಳ್ಳೋಕೆ ಮತ್ತೆ ದಾವೆ, ಮತ್ತೆ ವರ್ಷಗಟ್ಟಲೆ ಅಲೆದಾಟ.

ನೌಕರಿಯ ವಿಷಯದಲ್ಲಂತೂ ನಿಮ್ಮ ತೀರ್ಪುಗಳು ನೇರವಾಗಿ ಮನೆಗಳ ಒಳಗೆ ಬಂದಿವೆ. ಅನುಕಂಪದ ಆಧಾರದ ನೇಮಕಾತಿಯ 1996ರ ನಿಯಮಗಳಲ್ಲಿ ಮಗಳು ಅಂದರೆ ಮದುವೆಯಾಗದ ಮಗಳು ಮಾತ್ರ ಅಂತಿತ್ತು. ಮಗನಿಗೆ ಆ ಷರತ್ತು ಇರಲಿಲ್ಲ. 2020ರ ಡಿಸೆಂಬರ್‌ನಲ್ಲಿ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಇದು ತಾರತಮ್ಯ, ಸಂವಿಧಾನಕ್ಕೆ ವಿರುದ್ಧ ಅಂತ ಹೇಳಿ ಆ ಪದವನ್ನೇ ಹೊಡೆದುಹಾಕಿದರು. ಮರುವರ್ಷ ಸರ್ಕಾರ ನಿಯಮಕ್ಕೇ ತಿದ್ದುಪಡಿ ತಂದಿತು. 2021ರ ಜೂನ್‌ನಲ್ಲಿ ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ ಮತ್ತು ಹಂಚಾಟೆ ಸಂಜೀವ್‌ಕುಮಾರ್ ಅವರ ಪೀಠ ಎರಡನೇ ಮದುವೆಯಿಂದ ಹುಟ್ಟಿದ ಮಕ್ಕಳಿಗೂ ಅನುಕಂಪದ ನೌಕರಿ ಕೇಳುವ ಹಕ್ಕಿದೆ ಅಂತು. ತಂದೆತಾಯಿಯ ಸಂಬಂಧವನ್ನು ಅಕ್ರಮ ಅನ್ನಬಹುದು, ಮಗುವನ್ನು ಹಾಗೆ ಕರೆಯೋಕೆ ಆಗಲ್ಲ ಅನ್ನೋ ಅರ್ಥದ ಮಾತನ್ನು ಆ ತೀರ್ಪಿನಲ್ಲಿ ಬರೆದರು. ಆ ಮಾತು ಓದಿದಾಗ ನನಗೆ ನಮ್ಮ ಕೋರ್ಟಿನ ಬಗ್ಗೆ ಹೆಮ್ಮೆ ಅನ್ನಿಸಿತು. ಇದು ಕನ್ನಡದಲ್ಲಿ ಒಂದು ಪುಟವಾಗಿ ಪ್ರತಿ ಸರ್ಕಾರಿ ಕಚೇರಿಯ ಸಿಬ್ಬಂದಿ ವಿಭಾಗದಲ್ಲಿ ಇದ್ದಿದ್ದರೆ, ಅರ್ಜಿ ಹಿಡಿದು ಹೋದ ತಾಯಿಯನ್ನು ನಿಮಗೆ ಬರಲ್ಲ ಹೋಗಿ ಅಂತ ಕೌಂಟರ್‌ನಲ್ಲೇ ವಾಪಸ್ ಕಳಿಸುವುದು ಕಷ್ಟವಾಗುತ್ತಿತ್ತು.

ಪಿಟಿಸಿಎಲ್ ಜಮೀನಿನ ಕಥೆ ಇನ್ನೂ ಗೋಜಲು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಷರತ್ತು ಮುರಿದು ಮಾರಿದ್ದರೆ ವಾಪಸ್ ಕೊಡಿಸುವ 1978ರ ಕಾಯ್ದೆ ಅದು. ವಾಪಸ್ ಕೇಳೋಕೆ ಕಾಯ್ದೆಯಲ್ಲಿ ಕಾಲಮಿತಿ ಇರಲಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟ್ ಬಹಳ ತಡವಾಗಿ ಬಂದ ಅರ್ಜಿಯನ್ನು ಒಪ್ಪೋಕೆ ಆಗಲ್ಲ ಅಂತು. ಆಮೇಲೆ ಒಂದರ ಹಿಂದೆ ಒಂದು ಅರ್ಜಿ ತಳ್ಳಿಹೋದವು. ದಲಿತ ಸಂಘಟನೆಗಳು ಬೀದಿಗಿಳಿದವು, 2023ರಲ್ಲಿ ವಿಧಾನಮಂಡಲ ಕಾಲಮಿತಿ ಅನ್ವಯಿಸುವುದಿಲ್ಲ ಅಂತ ತಿದ್ದುಪಡಿ ತಂದಿತು. ಅದಾದ ಮೇಲೂ ವಿಳಂಬದ ಪ್ರಶ್ನೆ ಮತ್ತೆ ನಿಮ್ಮ ಮುಂದೆಯೇ ಬಂತು. ಕೋರ್ಟು ಒಂದು ಮಾತು ಹೇಳುವುದು, ಶಾಸಕಾಂಗ ಅದಕ್ಕೆ ಉತ್ತರ ಕೊಡುವುದು, ಆ ಉತ್ತರವನ್ನು ಕೋರ್ಟು ಮತ್ತೆ ಓದುವುದು, ಕಾನೂನು ಬೆಳೆಯೋದೇ ಹೀಗೆ ಅಲ್ವಾ. ಅದರಲ್ಲಿ ತಪ್ಪಿಲ್ಲ. ಆದರೆ ಉಪವಿಭಾಗಾಧಿಕಾರಿ ಕಚೇರಿಯ ಮುಂದೆ ಕೂತ ಎಪ್ಪತ್ತು ವರ್ಷದ ಅರ್ಜಿದಾರರಿಗೆ ಇವತ್ತಿನ ಸ್ಥಿತಿ ಏನು ಅಂತ ಹೇಳೋಕೆ ನನ್ನ ಕೈಯಲ್ಲಿ ಒಂದು ಹಾಳೆ ಬೇಕು. ಈಗ ಇರೋದು ಇಂಗ್ಲಿಷಿನ ಹತ್ತಾರು ತೀರ್ಪುಗಳು, ಒಂದೊಂದೂ ಒಂದೊಂದು ಕಡೆ ಎಳೆಯುವಂಥವು.

ಇನ್ನು ಕ್ರಿಮಿನಲ್ ಕಡೆಗೆ ಬರುತ್ತೇನೆ. ಇಲ್ಲಿ ತಿಳಿಯದೇ ಇದ್ದರೆ ಹೋಗೋದು ಬರೀ ಆಸ್ತಿಯಲ್ಲ, ಮನುಷ್ಯನ ಮಾನ, ಸ್ವಾತಂತ್ರ್ಯ.

2022ರ ಜೂನ್‌ನಲ್ಲಿ ಧಾರವಾಡ ಪೀಠದಲ್ಲಿ ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಅವರು ಕೊಟ್ಟ ಒಂದು ತೀರ್ಪನ್ನು ನಾನು ಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ. ಚೆಕ್ ಬೌನ್ಸ್ ಪ್ರಕರಣದ ವಾರಂಟ್ ಮೇಲೆ ಹಿಡಿದ ಒಬ್ಬ ಕಾನೂನು ವಿದ್ಯಾರ್ಥಿಗೆ ಪೊಲೀಸರು ಕೈಕೋಳ ಹಾಕಿ ಜನರ ಎದುರೇ ಕರೆದೊಯ್ದಿದ್ದರು. ಅವರಿಗೆ 2 ಲಕ್ಷ ರೂಪಾಯಿ ಪರಿಹಾರ ಕೊಡಿ ಅಂತ ಕೋರ್ಟ್ ಹೇಳಿತು. ಅಷ್ಟಕ್ಕೇ ನಿಲ್ಲಲಿಲ್ಲ. ಸಾಮಾನ್ಯವಾಗಿ ಯಾರಿಗೂ ಕೈಕೋಳ ಹಾಕುವಂತಿಲ್ಲ, ಅನಿವಾರ್ಯ ಸಂದರ್ಭದಲ್ಲಿ ಹಾಕಿದರೂ ಕಾರಣವನ್ನು ದಾಖಲೆಯಲ್ಲಿ ಬರೆಯಬೇಕು, ಆ ಕಾರಣ ಸರಿಯೋ ಅಲ್ಲವೋ ಅಂತ ಕೋರ್ಟು ಪರಿಶೀಲಿಸುತ್ತದೆ ಅಂತು. ಬಂಧಿಸುವ ಪೊಲೀಸರಿಗೆ ಬಾಡಿ ಕ್ಯಾಮೆರಾ ಕೊಡಿ ಅಂತಲೂ ಹೇಳಿತು. ಕೈಕೋಳದ ಬಗ್ಗೆ ಸುಪ್ರೀಂ ಕೋರ್ಟ್ 1980ರಲ್ಲೇ ಕಟುವಾಗಿ ಹೇಳಿತ್ತು. ಆದರೂ 2022ರಲ್ಲಿ ಮತ್ತೆ ಹೇಳಬೇಕಾಯಿತು ಅಂದರೆ ಮೊದಲ ಮಾತು ಠಾಣೆಯ ತನಕ ತಲುಪಿರಲಿಲ್ಲ ಅಂತಲೇ ಅರ್ಥ.

ಆಮೇಲೆ 2024ರ ಜುಲೈ 1ರಂದು ಹಳೇ ಕ್ರಿಮಿನಲ್ ಕಾನೂನುಗಳ ಬದಲಿಗೆ ಮೂರು ಹೊಸ ಸಂಹಿತೆಗಳು ಬಂದವು. ಅವುಗಳಲ್ಲಿ ಬಂಧನ, ತನಿಖೆಯ ಕ್ರಮ ಹೇಳುವುದು ಬಿಎನ್‌ಎಸ್‌ಎಸ್, ಅಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ. ಬಿಎನ್‌ಎಸ್‌ಎಸ್‌ನ 43ನೇ ಸೆಕ್ಷನ್ ಕೆಲವು ಗಂಭೀರ ಅಪರಾಧಗಳ ಪಟ್ಟಿ ಕೊಟ್ಟು ಅಂಥ ಕಡೆ ಕೈಕೋಳ ಬಳಸಬಹುದು ಅನ್ನುತ್ತದೆ. ಕೊಲೆ, ಅತ್ಯಾಚಾರ, ಆ್ಯಸಿಡ್ ದಾಳಿ, ಭಯೋತ್ಪಾದನೆ, ಮಾನವ ಸಾಗಣೆ ಇಂಥವು. ಚೆಕ್ ಬೌನ್ಸ್ ಆ ಪಟ್ಟಿಯಲ್ಲಿ ಇಲ್ಲ. ಆದರೆ ಹೊಸ ಕಾನೂನು ಬಂದಿದೆ, ಈಗ ಎಲ್ಲರಿಗೂ ಕೋಳ ಹಾಕಬಹುದು ಅಂತ ಅಧಿಕಾರದಿಂದ ಹೇಳಿದವರನ್ನು ನಾನೇ ಕೇಳಿದ್ದೇನೆ. ಅವರಿಗೆ ತೋರಿಸೋಕೆ ಕನ್ನಡದ ಒಂದು ಹಾಳೆ ಇದ್ದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

ಹೊಸ ಸಂಹಿತೆಗಳ ಸಂಖ್ಯೆಗಳದ್ದೇ ಒಂದು ಗೊಂದಲ. ಅದಕ್ಕೂ ಮೊದಲಿದ್ದ ಹಳೇ ಸಿಆರ್‌ಪಿಸಿಯಲ್ಲಿ (ದಂಡ ಪ್ರಕ್ರಿಯಾ ಸಂಹಿತೆಯಲ್ಲಿ) ಸೆಕ್ಷನ್ 482 ಅಂದರೆ ಎಫ್‌ಐಆರ್ ರದ್ದು ಮಾಡುವ ನಿಮ್ಮ ವಿಶೇಷ ಅಧಿಕಾರ. ಹೊಸದರಲ್ಲಿ ಅದು 528. ಹೊಸದರಲ್ಲಿ 482 ಅಂದರೆ ನಿರೀಕ್ಷಣಾ ಜಾಮೀನು, ಹಳೆಯ 438. ವಕೀಲರ ಗುಮಾಸ್ತರೇ ತಡವರಿಸುವಾಗ ಜನಸಾಮಾನ್ಯರ ಪಾಡು ಏನು. ಇದರ ಜೊತೆ ಹಳೆಯ ಸೆಕ್ಷನ್ ಮೇಲೆ ಕೊಟ್ಟ ಸಾವಿರಾರು ತೀರ್ಪುಗಳು ಇವತ್ತಿಗೂ ಜೀವಂತ, ಯಾಕೆಂದರೆ ಎಷ್ಟೋ ಕಡೆ ಬದಲಾದದ್ದು ಸಂಖ್ಯೆ ಮಾತ್ರ, ಮಾತು ಅದೇ ಇದೆ. ಎಲ್ಲಿ ಮಾತೂ ಬದಲಾಗಿದೆಯೋ ಅಲ್ಲಿ ಮತ್ತೆ ನಿಮ್ಮ ತೀರ್ಪೇ ದಾರಿ. ಪೊಲೀಸ್ ಕಸ್ಟಡಿಯನ್ನೇ ನೋಡಿ. ಮೊದಲು ಬಂಧನವಾದ ಮೊದಲ 15 ದಿನಗಳಲ್ಲಿ ಮಾತ್ರ ಪೊಲೀಸ್ ವಶಕ್ಕೆ ಕೊಡಬಹುದಿತ್ತು. ಈಗ 187ನೇ ಸೆಕ್ಷನ್ ಪ್ರಕಾರ ಆ 15 ದಿನಗಳನ್ನು ಅಪರಾಧ ಯಾವುದು ಅನ್ನುವುದರ ಮೇಲೆ ಮೊದಲ 40 ಅಥವಾ 60 ದಿನಗಳೊಳಗೆ ಬಿಡಿಬಿಡಿಯಾಗಿಯೂ ತೆಗೆದುಕೊಳ್ಳಬಹುದು. 40 ಯಾವಾಗ, 60 ಯಾವಾಗ? 2024ರ ಕೊನೆಯಲ್ಲಿ ನಮ್ಮ ಹೈಕೋರ್ಟ್ ಇದನ್ನು ಬಿಡಿಸಿ ಹೇಳಿತು. ಹತ್ತು ವರ್ಷದ ತನಕ ಶಿಕ್ಷೆ ಕೊಡಬಹುದಾದ ಅಪರಾಧ 60 ದಿನಗಳೊಳಗೆ ತನಿಖೆ ಮುಗಿಸಬೇಕಾದ ಗುಂಪಿಗೆ ಸೇರುತ್ತದೆ, ಹಾಗಾಗಿ ಅಲ್ಲಿ ಪೊಲೀಸ್ ಕಸ್ಟಡಿ ಮೊದಲ 40 ದಿನಗಳೊಳಗೇ ಆಗಬೇಕು ಅಂತ. ಜೈಲಿನಲ್ಲಿರುವ ಮಗನನ್ನು ಮತ್ತೆ ಠಾಣೆಗೆ ಕರೆದೊಯ್ಯುತ್ತಾರಾ ಅಂತ ನಿದ್ದೆಗೆಟ್ಟ ತಂದೆಗೆ ಬೇಕಾದ ಉತ್ತರ ಇದು.

ಕೆಲವು ತೀರ್ಪುಗಳು ಬೇರೆಯದೇ ಕೆಲಸ ಮಾಡುತ್ತವೆ. ಕಾನೂನಿನಲ್ಲಿ ಇಲ್ಲದ್ದನ್ನು ತೋರಿಸುತ್ತವೆ. 2023ರ ಮೇ ತಿಂಗಳಲ್ಲಿ ಒಂದು ವಿಭಾಗೀಯ ಪೀಠ, ಕೊಲೆಯಾದ ಯುವತಿಯ ಶವದ ಮೇಲೆ ನಡೆದ ಲೈಂಗಿಕ ಕೃತ್ಯವನ್ನು ದಂಡಸಂಹಿತೆಯ ಅತ್ಯಾಚಾರದ ಸೆಕ್ಷನ್ ಒಳಗೆ ತರೋಕೆ ಆಗಲ್ಲ ಅಂತ ಹೇಳಿತು. ಕೊಲೆಯ ಶಿಕ್ಷೆ ಉಳಿಯಿತು, ಅತ್ಯಾಚಾರದ್ದು ಉಳಿಯಲಿಲ್ಲ. ಜೊತೆಗೇ ಇಂಥ ಕೃತ್ಯಕ್ಕೆ ಕಾನೂನು ತನ್ನಿ ಅಂತ ಕೇಂದ್ರಕ್ಕೆ ಹೇಳಿತು. ಆಗ ಎಷ್ಟೋ ಜನ ಕೋರ್ಟನ್ನೇ ಬೈದರು. ಆದರೆ ಇಲ್ಲದ ಅಪರಾಧವನ್ನು ಕೋರ್ಟು ತಾನೇ ಹುಟ್ಟಿಸಿ ಶಿಕ್ಷೆ ಕೊಡೋಕೆ ಶುರು ಮಾಡಿದರೆ ನಾವು ಯಾರೂ ಸುರಕ್ಷಿತರಲ್ಲ. ಪೀಠ ಮಾಡಿದ್ದು ಸರಿಯಾಗಿತ್ತು ಅಂತಲೇ ನನ್ನ ಅಭಿಪ್ರಾಯ. ಮಾಡದೇ ಉಳಿಸಿದ್ದು ಸಂಸತ್ತು. ಅದೇ ವರ್ಷ ಬಂದ ಹೊಸ ನ್ಯಾಯ ಸಂಹಿತೆಯಲ್ಲೂ ಇದಕ್ಕೊಂದು ಪ್ರತ್ಯೇಕ ಸೆಕ್ಷನ್ ಬರಲಿಲ್ಲ. ಹಾಗೆಯೇ 2022ರ ನವೆಂಬರ್‌ನಲ್ಲಿ ಧಾರವಾಡ ಪೀಠ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೋ ಕಾಯ್ದೆಯ ಒಂದು ಮೇಲ್ಮನವಿ ತೀರ್ಮಾನಿಸುವಾಗ, ಹದಿಹರೆಯದವರ ಒಪ್ಪಿತ ಪ್ರೇಮವೂ ಈ ಕಾಯ್ದೆಯೊಳಗೆ ಸಿಕ್ಕಿಬೀಳುತ್ತಿದೆ, ಒಪ್ಪಿಗೆಯ ವಯಸ್ಸಿನ ಬಗ್ಗೆ ಯೋಚಿಸಿ ಅಂತ ಕಾನೂನು ಆಯೋಗವನ್ನು ಕೇಳಿತು. ಆಯೋಗ 2023ರ ಸೆಪ್ಟೆಂಬರ್‌ನಲ್ಲಿ ತನ್ನ 283ನೇ ವರದಿಯಲ್ಲಿ ವಯಸ್ಸು ಇಳಿಸುವುದು ಬೇಡ ಅಂತ ಉತ್ತರಿಸಿತು. ಅಂದರೆ 18 ಹಾಗೇ ಇದೆ. ಆದರೆ ಹೈಕೋರ್ಟ್ ವಯಸ್ಸು ಇಳಿಸಿದೆಯಂತೆ ಅಂತ ನಂಬಿದ ಹುಡುಗರು ಇವತ್ತಿಗೂ ಸಿಗುತ್ತಾರೆ. ಆ ನಂಬಿಕೆಯ ಬೆಲೆ ಜೈಲು.

ತಡೆಯಾಜ್ಞೆಯ ವಿಷಯ ಇನ್ನೂ ಗಂಭೀರ. 2022ರ ಮಾರ್ಚ್‌ನಲ್ಲಿ ಹೆಂಡತಿಯ ಮೇಲೆ ಅತ್ಯಾಚಾರ ಎಸಗಿದ ಆರೋಪ ಹೊತ್ತ ಗಂಡನ ವಿರುದ್ಧದ ಪ್ರಕರಣ ರದ್ದು ಮಾಡೋಕೆ ಈ ಹೈಕೋರ್ಟ್ ಒಪ್ಪಲಿಲ್ಲ. ದೇಶವೇ ತಿರುಗಿ ನೋಡಿದ ತೀರ್ಪು ಅದು. ನಾಲ್ಕೇ ತಿಂಗಳಲ್ಲಿ, ಜುಲೈನಲ್ಲಿ, ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಹೊಸ ನ್ಯಾಯ ಸಂಹಿತೆಯ 63ನೇ ಸೆಕ್ಷನ್‌ನಲ್ಲೂ ಗಂಡನಿಗೆ ಇರುವ ವಿನಾಯಿತಿ ಹಾಗೇ ಉಳಿದಿದೆ. ಮಾರ್ಚ್ ತಿಂಗಳ ಸುದ್ದಿ ಎಲ್ಲರಿಗೂ ಗೊತ್ತು, ಜುಲೈ ತಿಂಗಳದ್ದು ಬಹಳ ಕಡಿಮೆ ಜನಕ್ಕೆ ಗೊತ್ತು. ತನ್ನ ಮನೆಯಲ್ಲಿ ಆಗುತ್ತಿರುವುದಕ್ಕೆ ಈಗ ಕಾನೂನು ಬಂದಿದೆ ಅಂತ ಧೈರ್ಯ ಮಾಡಿ ಠಾಣೆಗೆ ಹೋದ ಹೆಣ್ಣುಮಗಳಿಗೆ ಅಲ್ಲಿ ಇಲ್ಲಮ್ಮ, ಆ ಕೇಸ್ ಆಗಲ್ಲ ಅಂದಾಗ ಏನಾಗುತ್ತದೆ? ಅವಳಿಗೆ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದೆ, ಕ್ರೌರ್ಯದ ಸೆಕ್ಷನ್ ಇದೆ. ಅವು ಇವತ್ತಿಗೂ ಅವಳ ಕೈಯಲ್ಲಿವೆ. ತಪ್ಪಾದ ಬಾಗಿಲು ತಟ್ಟಿ ಅವಮಾನವಾದ ಮೇಲೆ ಇನ್ನೊಂದು ಬಾಗಿಲಿಗೆ ಹೋಗುವ ಧೈರ್ಯ ಅವಳಲ್ಲಿ ಉಳಿದಿರೋದಿಲ್ಲ. ನಿಮ್ಮ ವೆಬ್‌ಸೈಟಿನಲ್ಲಿ ಆ ತೀರ್ಪು ತೆರೆದ ಕೂಡಲೇ, ಮೇಲೇ, ದಪ್ಪ ಅಕ್ಷರದಲ್ಲಿ, ಇದಕ್ಕೆ ಸುಪ್ರೀಂ ಕೋರ್ಟಿನ ತಡೆ ಇದೆ ಅಂತ ಕಾಣಬೇಕು. ನನ್ನ ಎಲ್ಲ ಕೋರಿಕೆಗಳಲ್ಲಿ ಇದೊಂದೇ ಆದರೂ ಸಾಕು.

ಮಾಧ್ಯಮದವರ ಮೇಲೆ ಎಲ್ಲ ಹೊರೆ ಹಾಕೋಕೆ ನನಗೆ ಇಷ್ಟವಿಲ್ಲ. ಅವರಿಗೂ ಸಮಯ ಇರೋದಿಲ್ಲ, ಕೈಗೆ ಸಿಗೋದು ಇಂಗ್ಲಿಷಿನ ಉದ್ದುದ್ದ ತೀರ್ಪು. 2022ರ ಹಿಜಾಬ್ ತೀರ್ಪು 129 ಪುಟಗಳಷ್ಟಿತ್ತು. ಅದರ ಪರವಾಗಿ, ವಿರುದ್ಧವಾಗಿ ಮಾತಾಡಿದವರಲ್ಲಿ ಅಷ್ಟನ್ನೂ ಓದಿದವರು ಎಷ್ಟು ಜನ? ದಿನವೂ ನೋಡುತ್ತೇವೆ, ಹೈಕೋರ್ಟ್ ಚಾಟಿ, ಹೈಕೋರ್ಟ್ ತರಾಟೆ, ಹೈಕೋರ್ಟ್ ಗರಂ. ವಿಚಾರಣೆ ನಡೆಯುವಾಗ ನ್ಯಾಯಮೂರ್ತಿಗಳು ಕೇಳಿದ ಪ್ರಶ್ನೆಯೋ, ಆಡಿದ ಮಾತೋ ಅದು. ಕಾನೂನಲ್ಲ. ತೀರ್ಪಿನೊಳಗೆ ಬರೆದ ಎಲ್ಲ ಮಾತೂ ಕಾನೂನಲ್ಲ, ಆ ಕೇಸನ್ನು ತೀರ್ಮಾನಿಸೋಕೆ ಆಧಾರವಾದ ತತ್ವ ಮಾತ್ರ ಮುಂದಿನ ಕೇಸುಗಳಿಗೆ ಅನ್ವಯ. ಈ ವ್ಯತ್ಯಾಸವನ್ನು ತೀರ್ಪು ಕೊಟ್ಟ ಕೋರ್ಟೇ ಹೇಳಿಬಿಟ್ಟರೆ ಊಹೆಗೆ ಜಾಗ ಇರೋದಿಲ್ಲ.

ಭಾಷೆಯ ಅಡ್ಡಿ ನನಗೂ ಗೊತ್ತು. 348ನೇ ವಿಧಿ ಹೈಕೋರ್ಟಿನ ಕಲಾಪ ಇಂಗ್ಲಿಷಿನಲ್ಲಿ ಅನ್ನುತ್ತದೆ. ತೀರ್ಪನ್ನೇ ರಾಜ್ಯದ ಭಾಷೆಯಲ್ಲಿ ಕೊಡಬೇಕು ಅಂದರೆ 1963ರ ಅಧಿಕೃತ ಭಾಷಾ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ರಾಷ್ಟ್ರಪತಿಗಳ ಒಪ್ಪಿಗೆ ಬೇಕು, ಆಗಲೂ ಇಂಗ್ಲಿಷ್ ಅನುವಾದ ಜೊತೆಗಿರಬೇಕು. ರಾಜಸ್ಥಾನ, ಉತ್ತರ ಪ್ರದೇಶ, ಮಧ್ಯಪ್ರದೇಶ, ಬಿಹಾರ ಹೈಕೋರ್ಟುಗಳಲ್ಲಿ ಹಿಂದಿಗೆ ಅವಕಾಶ ಸಿಕ್ಕಿದೆ. ಕನ್ನಡಕ್ಕೂ ಸಿಗಬೇಕು ಅಂತ ನನ್ನ ಆಸೆ. ಆದರೆ ಈ ಪತ್ರ ಅದನ್ನು ಕೇಳುತ್ತಿಲ್ಲ. ಸಾರಾಂಶಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ. ಅದು ತೀರ್ಪಲ್ಲ, ತೀರ್ಪಿನ ಬಗ್ಗೆ ಕೊಡುವ ಮಾಹಿತಿ.

ಕನ್ನಡದಲ್ಲಿ ಸಾಕ್ಷಿ ಹೇಳಿ, ಕನ್ನಡದಲ್ಲಿ ಅಡ್ಡಸವಾಲು ಎದುರಿಸಿ, ತಾಲ್ಲೂಕು ಕೋರ್ಟಿನಲ್ಲಿ ಎಷ್ಟೋ ಸಲ ಕನ್ನಡದಲ್ಲೇ ತೀರ್ಪು ಪಡೆದ ಮನುಷ್ಯನ ಕೇಸು ಮೇಲ್ಮನವಿಯಾಗಿ ನಿಮ್ಮಲ್ಲಿಗೆ ಬಂದಾಗ ಇಂಗ್ಲಿಷಾಗುತ್ತದೆ. ಮತ್ತೆ ಅವನ ಕೈಗೆ ಮರಳುವುದೂ ಇಂಗ್ಲಿಷಿನಲ್ಲೇ. ತನ್ನ ಜಮೀನಿನ ಮೇಲಿನ ಎರಡನೇ ಮೇಲ್ಮನವಿ ಯಾಕೆ ಬಿದ್ದುಹೋಯಿತು ಅಂತ ಅವನಿಗೆ ಕೊನೆಗೂ ತಿಳಿಯುವುದಿಲ್ಲ. ಎರಡನೇ ಮೇಲ್ಮನವಿಯಲ್ಲಿ ಸಾಕ್ಷ್ಯವನ್ನು ಮತ್ತೆ ತೂಗಿ ನೋಡೋದಿಲ್ಲ, ಕಾನೂನಿನ ಮಹತ್ವದ ಪ್ರಶ್ನೆ ಇದ್ದರೆ ಮಾತ್ರ ಕೇಳುತ್ತಾರೆ ಅನ್ನೋ ಒಂದು ಸಾಲು ಕನ್ನಡದಲ್ಲಿ ಇದ್ದರೂ, ಲಂಚ ಕೊಟ್ಟಿರಬೇಕು ಅನ್ನೋ ಅನುಮಾನ ಅವನಿಗೆ ಬರುತ್ತಿರಲಿಲ್ಲ.

ನೀವು ಏನೂ ಮಾಡಿಲ್ಲ ಅಂತ ನಾನು ಹೇಳುತ್ತಿಲ್ಲ. 2024ರ ಡಿಸೆಂಬರ್‌ನಲ್ಲಿ ನ್ಯಾಯಮೂರ್ತಿಗಳಾದ ಕೃಷ್ಣ ಎಸ್. ದೀಕ್ಷಿತ್ ಮತ್ತು ಸಿ.ಎಂ. ಜೋಶಿ ಅವರ ಪೀಠ ಕನ್ನಡದಲ್ಲೂ ತೀರ್ಪು ಕೊಟ್ಟಾಗ ನಮ್ಮಂಥವರಿಗೆ ಆದ ಸಂತೋಷ ದೊಡ್ಡದು. ಆಯ್ದ ತೀರ್ಪುಗಳ ಕನ್ನಡ ಅನುವಾದ ವೆಬ್‌ಸೈಟಿನಲ್ಲಿ ಸಿಗುತ್ತದೆ. ಅನುವಾದಕ್ಕೆ ಈಗ ಸಾಫ್ಟ್‌ವೇರ್ ನೆರವೂ ಇದೆ. ಆದರೆ ಅರವತ್ತು ಪುಟದ ಇಂಗ್ಲಿಷ್ ತೀರ್ಪು ಅರವತ್ತು ಪುಟದ ಕನ್ನಡವಾದರೆ ಓದುವವರು ಬಹಳ ಹೆಚ್ಚಾಗುವುದಿಲ್ಲ. ಸಾಲು ಸಾಲಾಗಿ ಅನುವಾದವಾದ ಕಾನೂನಿನ ಕನ್ನಡ ಎಷ್ಟೋ ಸಲ ಇಂಗ್ಲಿಷಿಗಿಂತ ಕಷ್ಟ. ನನಗೆ ಬೇಕಾಗಿರೋದು ಅದಲ್ಲ. ಪ್ರಶ್ನೆ ಏನಿತ್ತು, ಕೋರ್ಟ್ ಏನು ಹೇಳಿತು, ಯಾರಿಗೆ ಅನ್ವಯ, ಯಾವತ್ತಿನಿಂದ, ಯಾರಿಗೆ ಅನ್ವಯ ಆಗಲ್ಲ. ಇಷ್ಟನ್ನು ಹತ್ತನೇ ತರಗತಿ ಓದಿದವರಿಗೆ ತಿಳಿಯುವ ಕನ್ನಡದಲ್ಲಿ ಬರೆದ ಒಂದು ಪುಟ.

ಸಾರಾಂಶವನ್ನೇ ತೀರ್ಪು ಅಂದುಕೊಂಡು ಜನ ದಾರಿ ತಪ್ಪಿದರೆ ಅಂತ ನೀವು ಕೇಳಬಹುದು. ಬ್ರಿಟನ್‌ನ ಸುಪ್ರೀಂ ಕೋರ್ಟ್ ತನ್ನ ತೀರ್ಪುಗಳ ಜೊತೆ ಚಿಕ್ಕ ಸಾರಾಂಶ ಕೊಡುತ್ತದೆ, ಇದು ತೀರ್ಪಿನ ಭಾಗವಲ್ಲ ಅಂತ ಅದರಲ್ಲೇ ಬರೆದಿರುತ್ತದೆ. ದಕ್ಷಿಣ ಆಫ್ರಿಕಾದ ಸಾಂವಿಧಾನಿಕ ನ್ಯಾಯಾಲಯವೂ ಹೀಗೆ ಮಾಡುತ್ತದೆ. ನಮ್ಮಲ್ಲೂ ವಕೀಲರಿಗೆ ಈ ಸೌಲಭ್ಯ ಮೊದಲಿಂದ ಇದೆ. ತೀರ್ಪುಗಳನ್ನು ಪ್ರಕಟಿಸುವ ವರದಿ ಸಂಪುಟವಾದ ಐಎಲ್‌ಆರ್‌ನಲ್ಲಿ ತೀರ್ಪಿನ ಮೇಲೆ ಟಿಪ್ಪಣಿ ಇರುತ್ತದೆ, ಅವರು ಅದನ್ನು ಓದಿಯೇ ಒಳಗೆ ಹೋಗೋದು. ಅಂಥದ್ದೇ ಒಂದನ್ನು ಜನರಿಗೂ ಕೊಡಿ ಅಂತ ಕೇಳುತ್ತಿದ್ದೇನೆ.

ಎಲ್ಲ ತೀರ್ಪಿಗೂ ಬೇಡ. ಹಾಗೆ ಮಾಡೋಕೂ ಆಗಲ್ಲ. ಹೊಸ ತತ್ವ ಹೇಳುವ, ನಿಯಮವನ್ನು ಹೊಡೆದುಹಾಕುವ, ಕೆಳ ಕೋರ್ಟಿಗೋ ಪೊಲೀಸರಿಗೋ ನಿರ್ದೇಶನ ಕೊಡುವ ತೀರ್ಪುಗಳಿಗೆ ಸಾಕು. ಯಾವುದು ಅಂಥದ್ದು ಅಂತ ಬರೆದ ನ್ಯಾಯಮೂರ್ತಿಗಳಿಗೇ ಚೆನ್ನಾಗಿ ಗೊತ್ತಿರುತ್ತದೆ. ಅದರ ಮೊದಲ ಕರಡನ್ನು ನಿಮ್ಮ ಕಾನೂನು ಗುಮಾಸ್ತರಾಗಿ ಇರುವ ಯುವ ವಕೀಲರು ಬರೆಯಬಹುದು. ಕನ್ನಡ ಚೆನ್ನಾಗಿ ಬಲ್ಲವರು ಅವರಲ್ಲಿ ಬೇಕಾದಷ್ಟಿದ್ದಾರೆ. ಈಗ ಪ್ರತಿ ತೀರ್ಪಿಗೂ ನ್ಯೂಟ್ರಲ್ ಸೈಟೇಶನ್, ಅಂದರೆ ಕೋರ್ಟೇ ಕೊಡುವ ಗುರುತಿನ ಸಂಖ್ಯೆ, ಇದೆ, ಧಾರವಾಡ, ಕಲಬುರಗಿ ಪೀಠಗಳದ್ದಕ್ಕೂ ಬೇರೆ ಬೇರೆ ಗುರುತಿದೆ. ಅದೇ ಸಂಖ್ಯೆಯಲ್ಲಿ ಸಾರಾಂಶವೂ ಸಿಗುವ ಹಾಗೆ ಮಾಡಿ. ಆಮೇಲೆ ಅದನ್ನು ವೆಬ್‌ಸೈಟಿನ ಮೂಲೆಯಲ್ಲಿ ಬಿಡಬೇಡಿ. ಜಿಲ್ಲಾ ಮತ್ತು ತಾಲ್ಲೂಕು ಕಾನೂನು ಸೇವಾ ಸಮಿತಿಗಳಿಗೆ, ವಕೀಲರ ಸಂಘಗಳಿಗೆ ಕಳಿಸಿ. ಕ್ರಿಮಿನಲ್ ವಿಷಯದ್ದು ಠಾಣೆಗಳಿಗೆ, ಜಮೀನಿನದ್ದು ತಹಶೀಲ್ದಾರ್ ಮತ್ತು ಸಬ್ ರಿಜಿಸ್ಟ್ರಾರ್ ಕಚೇರಿಗಳಿಗೆ ಹೋಗಬೇಕು.

ವಕೀಲ ಮಿತ್ರರಿಗೂ ಒಂದು ಮಾತು. ಇದರಿಂದ ನಿಮ್ಮ ಕೆಲಸ ಕಡಿಮೆಯಾಗೋದಿಲ್ಲ. ತನ್ನ ಹಕ್ಕು ಏನು ಅಂತ ಅರ್ಧ ತಿಳಿದು ಬರುವ ಕಕ್ಷಿದಾರ ಸಮಯಕ್ಕೆ ಸರಿಯಾಗಿ ಬರುತ್ತಾನೆ, ಸರಿಯಾದ ಕಾಗದ ತರುತ್ತಾನೆ. ಈ ಕೋರಿಕೆಗೆ ನಿಮ್ಮ ಸಂಘಗಳಿಂದಲೂ ಒಂದು ಠರಾವು ಹೋದರೆ ಬಹಳ ಉಪಕಾರ.

ಎಲ್ಲಿಂದ ಶುರು ಮಾಡಬೇಕು ಅಂತ ಕೇಳಿದರೆ, ಈ ಪತ್ರದಲ್ಲಿ ಬಂದ ವಿಷಯಗಳಿಂದಲೇ ಮಾಡಬಹುದು. ಹೆಣ್ಣುಮಕ್ಕಳ ಪಾಲು, ಅನುಕಂಪದ ನೌಕರಿ, ಪಿಟಿಸಿಎಲ್, ಕೈಕೋಳ, ಪೊಲೀಸ್ ಕಸ್ಟಡಿ. ಐದು ಹಾಳೆ. ಅವು ಪ್ರಕಟವಾದ ದಿನ ನಮ್ಮ ತಾಲ್ಲೂಕಿನ ಪ್ರತಿ ಗ್ರಾಮ ಪಂಚಾಯಿತಿ ಕಚೇರಿಗೂ ಪ್ರತಿ ತೆಗೆಸಿ ತಲುಪಿಸುವ ಜವಾಬ್ದಾರಿ ನನ್ನದು ಮತ್ತು ನನ್ನ ಜೊತೆಗಿರುವ ಸ್ವಯಂಸೇವಕರದ್ದು.

ಗೌರವಪೂರ್ವಕವಾಗಿ,
ಒಬ್ಬ ಪ್ಯಾರಾ ಲೀಗಲ್ ವಾಲಂಟಿಯರ್